ತಟ್ಟೆ ಇದೆ, ಆಟ ಎಲ್ಲಿ?

ನಲವತ್ತು ವರ್ಷದ ಹಿಂದಿನ ಮನೆಗಣಕದಲ್ಲಿ ಲೇಸರ್ ತಟ್ಟೆಯ ಆಟ ಆಡಬೇಕಾದರೆ ಏನೇನು ಬೇಕು? ಪ್ರಶ್ನೆ ಮಕ್ಕಳಾಟದಂತೆ ಕಂಡರೂ ಉತ್ತರದಲ್ಲಿ ನಮ್ಮೆಲ್ಲರ ಮನೆಯ ಬೀರುವಿಗೆ ಸಂಬಂಧಿಸಿದ ಪಾಠವಿದೆ.

ಸಕಲೇಶಪುರದ ರೈಲು ನಿಲ್ದಾಣದಲ್ಲಿ ಮಳೆಗಾಲದ ಬೆಳಿಗ್ಗೆ ನಿಂತು ನೋಡಿದರೆ ಮಂಗಳೂರಿನ ಕಡೆಗೆ ಹೋಗುವ ಹಳಿ ಸ್ವಲ್ಪ ದೂರದಲ್ಲೇ ಮಂಜಿನೊಳಗೆ ಮರೆಯಾಗುತ್ತದೆ. ಅಲ್ಲಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗೆ ಸುಮಾರು 55 ಕಿಲೋಮೀಟರ್ ಘಾಟಿ. ದಾರಿಯಲ್ಲಿ 57 ಸುರಂಗಗಳು, 109 ಸೇತುವೆಗಳು. 1979ರಲ್ಲಿ ಪೂರ್ಣಗೊಂಡಾಗ ಈ ಮಾರ್ಗಕ್ಕೆ ಹಾಕಿದ್ದು ಮೀಟರ್ ಗೇಜ್ ಹಳಿ. ಬ್ರಾಡ್ ಗೇಜ್ ಮಾಡುವ ಕೆಲಸಕ್ಕೆಂದು 1996ರಲ್ಲಿ ಸಂಚಾರ ನಿಂತಿತು. ಪ್ರಯಾಣಿಕರ ಗಾಡಿ ಮತ್ತೆ ಘಾಟಿ ಇಳಿದದ್ದು 2007ರ ಡಿಸೆಂಬರಿನಲ್ಲಿ.

ಈ ನಡುವೆ ಹಳೆಯ ಬೋಗಿಗಳಿಗೆ ಏನಾಗಿತ್ತು? ಒಂದು ಗೇಜಿನ ಬೋಗಿಯನ್ನು ಇನ್ನೊಂದು ಗೇಜಿನ ಹಳಿಯ ಮೇಲೆ ಇಡಲು ಸಾಧ್ಯವಿಲ್ಲ. ಒಂದರ ಹಳಿಗಳ ನಡುವಿನ ಅಂತರ 1 ಮೀಟರ್, ಇನ್ನೊಂದರದು 1.676 ಮೀಟರ್. ಬೋಗಿ ಎಷ್ಟು ಗಟ್ಟಿಮುಟ್ಟಾಗಿದ್ದರೂ ಅಷ್ಟೇ. ಕೆಟ್ಟು ಹೋಗದೆಯೂ ಒಂದು ವಸ್ತು ನಿರುಪಯೋಗಿಯಾಗಬಹುದು ಎಂಬುದನ್ನು ಈ ಬೆಟ್ಟಸೀಮೆಯ ಜನ ಕಣ್ಣಾರೆ ಕಂಡಿದ್ದಾರೆ.

ಗಣಕ ಪ್ರಪಂಚದಲ್ಲಿ ಇಂಥ ಗೇಜು ಬದಲಾವಣೆ ಹತ್ತಾರು ಸಲ ಆಗಿಹೋಗಿದೆ. ಅವುಗಳಲ್ಲಿ ಬಲು ಸ್ವಾರಸ್ಯವಾದದ್ದು ಲೇಸರ್‌ಡಿಸ್ಕ್ ಆಟಗಳ ಕತೆ.

ಊಟದ ತಟ್ಟೆಯಷ್ಟು ದೊಡ್ಡದು

ಸಿ.ಡಿ. ಎಂದರೆ ಅಂಗೈಯಗಲದ ತಟ್ಟೆ. ಅದಕ್ಕಿಂತ ಮೊದಲೇ, 1978ರ ಡಿಸೆಂಬರಿನಲ್ಲಿ, ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಲೇಸರ್‌ಡಿಸ್ಕಿನ ವ್ಯಾಸ 30 ಸೆಂಟಿಮೀಟರ್. ಮದುವೆ ಮನೆಯ ಸ್ಟೀಲ್ ತಟ್ಟೆಯಷ್ಟು. ಸಿನಿಮಾಗಳನ್ನು ಮನೆಯಲ್ಲಿ ನೋಡಲೆಂದು ಮಾಡಿದ ಸಾಧನ ಇದು. ನಮ್ಮಲ್ಲಿ ವಿಡಿಯೋ ಕ್ಯಾಸೆಟ್ ಮನೆಮಾತಾಯಿತೇ ಹೊರತು ಲೇಸರ್‌ಡಿಸ್ಕ್ ಸಾಮಾನ್ಯರ ಮನೆ ಹೊಕ್ಕಲಿಲ್ಲ. ಆದ್ದರಿಂದ ಅದನ್ನು ಕಂಡವರು ಕಡಿಮೆ.

ಹೊಳೆಯುವ ಅಲ್ಯೂಮಿನಿಯಂ ಪದರದ ಮೇಲೆ ಕಣ್ಣಿಗೆ ಕಾಣದಷ್ಟು ಚಿಕ್ಕ ಕುಳಿಗಳು ಸುರುಳಿಯಾಗಿ ಸಾಗುತ್ತವೆ. ಲೇಸರ್ ಕಿರಣ ಅವುಗಳ ಮೇಲೆ ಬಿದ್ದು ಪ್ರತಿಫಲಿಸುವಾಗ ಬೆಳಕು ಹೆಚ್ಚುಕಡಿಮೆಯಾಗುತ್ತದೆ. ಆ ಏರಿಳಿತವೇ ಚಿತ್ರ, ಧ್ವನಿಗಳ ಸಂಕೇತ. ಸಿ.ಡಿ.ಯಲ್ಲಿರುವಂತೆ ಇಲ್ಲಿನ ಚಿತ್ರ ಸೊನ್ನೆ-ಒಂದುಗಳ ಲೆಕ್ಕವಲ್ಲ. ಹಳೆಯ ದೂರದರ್ಶನದ ಅಲೆಯನ್ನೇ ಕುಳಿಗಳ ಉದ್ದಗಿಡ್ಡದಲ್ಲಿ ಬರೆದಿಟ್ಟಿರುತ್ತಾರೆ.

ಆಟಗಳಿಗೆ ಬಳಸಿದ ಬಗೆಯ ತಟ್ಟೆ, ಅಮೆರಿಕ ಮತ್ತು ಜಪಾನಿನ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ, ನಿಮಿಷಕ್ಕೆ 1,800 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ 30 ಸುತ್ತು. ತಾತನ ಕಾಲದ ಗ್ರಾಮಾಫೋನಿನ ದೊಡ್ಡ ತಟ್ಟೆ ನಿಮಿಷಕ್ಕೆ ಸುಮಾರು 33 ಸುತ್ತು ತಿರುಗಿದರೆ ಇದು ಅದರ 54 ಪಟ್ಟು ವೇಗ. ಹತ್ತನೇ ತರಗತಿಯ ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಬಹುದು: 30 ಸೆಂ.ಮೀ. ವ್ಯಾಸದ ತಟ್ಟೆಯ ಅಂಚು ಒಂದು ಸುತ್ತಿಗೆ ಸುಮಾರು 94 ಸೆಂ.ಮೀ. ಸಾಗುತ್ತದೆ, ಸೆಕೆಂಡಿಗೆ 30 ಸುತ್ತಾದರೆ 28 ಮೀಟರ್, ಗಂಟೆಗೆ ನೂರು ಕಿಲೋಮೀಟರಿಗೂ ತುಸು ಹೆಚ್ಚು. ಘಾಟಿಯಲ್ಲಿ ತೆವಳುತ್ತಾ ಹತ್ತುವ ಗೂಡ್ಸ್ ಗಾಡಿಗಿಂತ ಪೆಟ್ಟಿಗೆಯೊಳಗಿನ ಈ ತಟ್ಟೆಯ ಅಂಚೇ ಎಷ್ಟೋ ಪಾಲು ವೇಗ!

ಒಂದು ಸುತ್ತಿಗೆ ಒಂದು ಚಿತ್ರ. ಒಂದು ಬದಿಯಲ್ಲಿ 54,000 ಚಿತ್ರಗಳು. ಸೆಕೆಂಡಿಗೆ 30ರಂತೆ ಭಾಗಿಸಿದರೆ 1,800 ಸೆಕೆಂಡು, ಅಂದರೆ ಅರ್ಧ ಗಂಟೆ. ಪ್ರತಿ ಚಿತ್ರಕ್ಕೂ ಒಂದು ಕ್ರಮಸಂಖ್ಯೆ ಇದೆ. ತೆರೆಯ ಮೇಲೆ ಕಾಣದ ಗೆರೆಗಳಲ್ಲಿ ಆ ಸಂಖ್ಯೆಯನ್ನು ಬಚ್ಚಿಟ್ಟಿರುತ್ತಾರೆ. ಪುಸ್ತಕಕ್ಕೆ ಪುಟಸಂಖ್ಯೆ ಇದ್ದ ಹಾಗೆ. ಈ ಪುಟಸಂಖ್ಯೆಯಿಂದಲೇ ಸಿನಿಮಾ ತಟ್ಟೆ ಆಟದ ತಟ್ಟೆಯಾಯಿತು.

ಒಂದು ಸೆಕೆಂಡಿಗೆ ಒಂದು ಫ್ಲಾಪಿ

ಆಟಕ್ಕೆ ಇಷ್ಟು ದೊಡ್ಡ ತಟ್ಟೆ ಏಕೆ ಬೇಕಾಯಿತು? ಆ ಕಾಲದ ಗಣಕದ ಬಡತನವನ್ನು ಲೆಕ್ಕ ಹಾಕಿದರೆ ತಿಳಿಯುತ್ತದೆ. 1983ರಲ್ಲಿ ಪ್ರಕಟವಾದ ಎಂಎಸ್‌ಎಕ್ಸ್ ಎಂಬ ಮನೆಗಣಕದ ಮಾದರಿಯನ್ನೇ ತೆಗೆದುಕೊಳ್ಳೋಣ. ಅದರ ತೆರೆಯಲ್ಲಿ ಅಡ್ಡಕ್ಕೆ 256, ಉದ್ದಕ್ಕೆ 192 ಚುಕ್ಕಿಗಳು. ಒಟ್ಟು 49,152. ಹದಿನಾರು ಬಣ್ಣಗಳಲ್ಲಿ ಯಾವುದೆಂದು ಹೇಳಲು ಪ್ರತಿ ಚುಕ್ಕಿಗೆ 4 ಬಿಟ್ ಬೇಕೆಂದರೆ ಒಂದು ಚಿತ್ರಕ್ಕೆ 24 ಕಿಲೋಬೈಟ್. ಸೆಕೆಂಡಿಗೆ 30 ಚಿತ್ರವೆಂದರೆ 720 ಕಿಲೋಬೈಟ್.

ಆ ದಶಕದಲ್ಲಿ ಬಂದ ಮೂರೂವರೆ ಅಂಗುಲದ ಒಂದು ಬಗೆಯ ಫ್ಲಾಪಿಯಲ್ಲಿ ಹಿಡಿಯುತ್ತಿದ್ದದ್ದೂ ಅಷ್ಟೇ, 720 ಕಿಲೋಬೈಟ್. ಅಂದರೆ ಒಂದು ಸೆಕೆಂಡಿನ ಚಲನಚಿತ್ರಕ್ಕೆ ಒಂದು ಫ್ಲಾಪಿ! ಅರ್ಧ ಗಂಟೆಗೆ 1,800 ಫ್ಲಾಪಿಗಳು ಬೇಕು. ಅವನ್ನು ಒಂದೊಂದಾಗಿ ತುರುಕುತ್ತಾ ಕೂತರೆ ಆಟ ಮುಗಿಯುವ ಹೊತ್ತಿಗೆ ಕಾಫಿ ಗಿಡ ಹೂ ಬಿಟ್ಟು ಕಾಯಾಗಿರುತ್ತದೆ.

ಆದ್ದರಿಂದ ಎಂಜಿನಿಯರುಗಳು ಕೆಲಸವನ್ನು ಹಂಚಿದರು. ಚಿತ್ರ ತೋರಿಸುವುದು ಲೇಸರ್ ತಟ್ಟೆಯ ಕೆಲಸ. ಯಾವ ಚಿತ್ರ, ಯಾವಾಗ ಎಂದು ನಿರ್ಧರಿಸುವುದು ಗಣಕದ ಕೆಲಸ. ಆಡುವವನು ಎಡಕ್ಕೆ ಎಳೆದರೆ ಒಂದು ಪುಟ, ಬಲಕ್ಕೆ ಎಳೆದರೆ ಇನ್ನೊಂದು ಪುಟ. ಅಷ್ಟನ್ನು ಹೇಳಲು ಗಣಕಕ್ಕೆ ದೊಡ್ಡ ನೆನಪಿನ ಶಕ್ತಿ ಬೇಡ.

ಆಟದ ಅಂಗಡಿಯಿಂದ ಮನೆಗೆ

1982ರ ಆರಂಭದಲ್ಲೇ 'ಕ್ರಿಯೇಟಿವ್ ಕಂಪ್ಯೂಟಿಂಗ್' ಎಂಬ ಅಮೆರಿಕದ ಪತ್ರಿಕೆ ಇಂಥದೊಂದು ಪ್ರಯೋಗವನ್ನು ಪ್ರಕಟಿಸಿತು. 'ರೋಲರ್‌ಕೋಸ್ಟರ್' ಎಂಬ 1977ರ ಸಿನಿಮಾದ ಲೇಸರ್ ತಟ್ಟೆಯನ್ನು ಆಪಲ್-2 ಗಣಕಕ್ಕೆ ಜೋಡಿಸಿ, ಸಿನಿಮಾದ ದೃಶ್ಯಗಳನ್ನೇ ಹಿಂದುಮುಂದು ಮಾಡಿ ಡೇವಿಡ್ ಲೂಬಾರ್ ಒಂದು ಸಾಹಸದ ಆಟ ಹೆಣೆದಿದ್ದರು.

ಮರುವರ್ಷ ಜೂನ್‌ನಲ್ಲಿ ಅಮೆರಿಕದ ಆಟದ ಅಂಗಡಿಗಳಿಗೆ 'ಡ್ರ್ಯಾಗನ್ಸ್ ಲೇರ್' ಬಂತು. ರಿಕ್ ಡೈಯರ್ ಅವರ ಕಲ್ಪನೆ, ಡಾನ್ ಬ್ಲೂತ್ ಅವರ ವ್ಯಂಗ್ಯಚಿತ್ರಗಳು. ಉಳಿದ ಆಟಗಳಲ್ಲಿ ಚೌಕಚೌಕದ ಗೊಂಬೆಗಳು ಕುಣಿಯುತ್ತಿದ್ದಾಗ ಇಲ್ಲಿ ಸಿನಿಮಾದಂಥ ಚಿತ್ರ. ಒಂದು ಆಟಕ್ಕೆ ಉಳಿದ ಯಂತ್ರಗಳಿಗಿಂತ ಎರಡು ಪಟ್ಟು, 50 ಸೆಂಟ್ ಕೊಟ್ಟು ಜನ ಸಾಲು ನಿಂತರು. ಆದರೆ ತೊಂದರೆಯೂ ಜೊತೆಗೇ ಬಂತು. ಸಿನಿಮಾವನ್ನು ಮೊದಲಿನಿಂದ ಕೊನೆವರೆಗೆ ಸರಾಗವಾಗಿ ತೋರಿಸಲೆಂದು ಮಾಡಿದ ಯಂತ್ರವನ್ನು ಇಡೀ ದಿನ ಹಿಂದಕ್ಕೂ ಮುಂದಕ್ಕೂ ಜಿಗಿಸಿದರೆ ಅದು ತಡೆದೀತೇ? ಯಂತ್ರಗಳು ಸವೆದು ಕೈಕೊಟ್ಟವು.

ರಿಕ್ ಡೈಯರ್ ಅವರ ಸಂಸ್ಥೆಯೇ 1985ರಲ್ಲಿ 'ಹ್ಯಾಲ್ಸಿಯನ್' ಎಂಬ ಮನೆಬಳಕೆಯ ಲೇಸರ್ ಆಟದ ಯಂತ್ರ ಮಾಡಿತು. ಬೆಲೆ ಸುಮಾರು 2,500 ಡಾಲರ್. ಕೊಳ್ಳುವವರಿಲ್ಲದೆ ಸಂಸ್ಥೆಯೇ ಮುಳುಗಿತು. ಜಪಾನಿನ ಪಯೋನಿಯರ್ ಕಂಪನಿ ಬೇರೆ ದಾರಿ ಹಿಡಿಯಿತು. ಎಂಎಸ್‌ಎಕ್ಸ್ ಮಾದರಿಯಲ್ಲೇ 1984ರಲ್ಲಿ 'ಪಿಎಕ್ಸ್-7' ಎಂಬ ಮನೆಗಣಕ ಮಾಡಿ ಅದಕ್ಕೆ ಲೇಸರ್ ತಟ್ಟೆಯ ಯಂತ್ರ ಜೋಡಿಸುವ ಏರ್ಪಾಡು ಒದಗಿಸಿತು. ಅದಕ್ಕೆಂದು ಬಂದ ಆಟಗಳು ಬೆರಳೆಣಿಕೆಯಷ್ಟು: 'ಆಸ್ಟ್ರಾನ್ ಬೆಲ್ಟ್', 'ಬ್ಯಾಡ್‌ಲ್ಯಾಂಡ್ಸ್', 'ಕಾಸ್ಮೋಸ್ ಸರ್ಕ್ಯೂಟ್', 'ಎಶ್ಸ್ ಔರುನ್‌ಮಿಲ್ಲ' ಮುಂತಾಗಿ. ಇವತ್ತು ಸಂಗ್ರಾಹಕರು ಹುಡುಕಿ ಹುಡುಕಿ ಕೊಳ್ಳುವ ಅಪರೂಪದ ತಟ್ಟೆಗಳು ಇವೇ.

ಏನೇನು ಬೇಕು?

ಒಬ್ಬ ಹುಡುಗನಿಗೆ ಇಂಥ ಒಂದು ತಟ್ಟೆ ಸಿಕ್ಕಿತೆಂದೇ ಇಟ್ಟುಕೊಳ್ಳಿ. ಆಟ ಆಡಲು ಅವನಿಗೆ ಇನ್ನೇನು ಬೇಕು?

ಮೊದಲನೆಯದು, ತಟ್ಟೆ ಓದುವ ಯಂತ್ರ. ಯಾವುದೋ ಒಂದು ಲೇಸರ್‌ಡಿಸ್ಕ್ ಯಂತ್ರ ಆಗುವುದಿಲ್ಲ. ಹೊರಗಿನಿಂದ ಗಣಕ ಕೊಡುವ ಆಜ್ಞೆಯನ್ನು ಕೇಳಿಸಿಕೊಳ್ಳುವ ತೂತು ಅದರ ಹಿಂಬದಿಯಲ್ಲಿರಬೇಕು. ಸಿನಿಮಾ ನೋಡಲಷ್ಟೇ ಮಾಡಿದ ಅಗ್ಗದ ಯಂತ್ರಗಳಲ್ಲಿ ಅದು ಇಲ್ಲದಿರಬಹುದು. ಇದ್ದರೂ 'ಇಂಥ ಪುಟಕ್ಕೆ ಹೋಗು' ಎಂಬ ಆಜ್ಞೆಯನ್ನು ಒಂದೊಂದು ಕಂಪನಿಯ ಯಂತ್ರ ಒಂದೊಂದು ಭಾಷೆಯಲ್ಲಿ ನಿರೀಕ್ಷಿಸುತ್ತದೆ. ಫಿಲಿಪ್ಸ್ ಯಂತ್ರದ ಭಾಷೆ ಪಯೋನಿಯರ್‌ಗೆ ಅರ್ಥವಾಗದು.

ಎರಡನೆಯದು, ಸರಿಯಾದ ಗಣಕ. ಮಾಮೂಲಿ ಎಂಎಸ್‌ಎಕ್ಸ್ ಗಣಕ ಸಾಲದು. ಲೇಸರ್ ಯಂತ್ರಕ್ಕೆ ಆಜ್ಞೆ ಕಳಿಸುವ, ಅದರ ಚಿತ್ರವನ್ನು ಒಳಕ್ಕೆ ತೆಗೆದುಕೊಳ್ಳುವ ಏರ್ಪಾಡು ಇರುವ ಪಿಎಕ್ಸ್-7ರಂಥದೇ ಬೇಕು.

ಮೂರನೆಯದು, ತಂತಿಗಳು. ಆಜ್ಞೆಗೊಂದು, ಚಿತ್ರಕ್ಕೊಂದು, ಧ್ವನಿಗೆ ಎರಡು. ಧ್ವನಿಗೆ ಎರಡೇಕೆಂದರೆ ಅಲ್ಲೊಂದು ಜಾಣತನ ಅಡಗಿದೆ. ಲೇಸರ್ ತಟ್ಟೆಯಲ್ಲಿ ಎಡ ಮತ್ತು ಬಲ ಎಂದು ಎರಡು ಧ್ವನಿಪಥಗಳಿವೆ. ಪಯೋನಿಯರ್‌ನವರು ಆಟದ ಸದ್ದನ್ನು ಎಡಪಥದಲ್ಲಿಟ್ಟು ಗಣಕದ ತಂತ್ರಾಂಶವನ್ನೇ ಸದ್ದಾಗಿ ಬಲಪಥದಲ್ಲಿ ಬರೆದರು. ಆ ಕಾಲದ ಮನೆಗಣಕಗಳು ಟೇಪ್‌ರೆಕಾರ್ಡರಿನ ಕ್ಯಾಸೆಟ್ಟಿನಿಂದ ಕಿರ್ ಕಿರ್ ಎಂಬ ಸದ್ದಿನ ರೂಪದಲ್ಲಿ ತಂತ್ರಾಂಶ ಕೇಳಿಸಿಕೊಳ್ಳುತ್ತಿದ್ದವಲ್ಲ, ಅದೇ ಉಪಾಯ. ಹಾಗಾಗಿ ಚಿತ್ರ, ಸಂಗೀತ, ತಂತ್ರಾಂಶ ಮೂರೂ ಒಂದೇ ತಟ್ಟೆಯಲ್ಲಿ. ಆದರೆ ಬಲಪಥದ ತಂತಿಯೊಂದು ತುಂಡಾದರೆ ತೆರೆಯ ಮೇಲೆ ಸಿನಿಮಾ ಓಡುತ್ತದೆ, ಆಟ ಮಾತ್ರ ಶುರುವಾಗುವುದೇ ಇಲ್ಲ.

ನಾಲ್ಕನೆಯದು, ಟಿ.ವಿ. ಜಪಾನಿನ ತಟ್ಟೆಯ ಚಿತ್ರ ಎನ್‌ಟಿಎಸ್‌ಸಿ ಪದ್ಧತಿಯದು. ಭಾರತದ ಹಳೆಯ ಬಣ್ಣದ ಟಿ.ವಿ.ಗಳು ಪಾಲ್ ಪದ್ಧತಿಯವು. ಅದರಲ್ಲಿ ಸೆಕೆಂಡಿಗೆ 25 ಚಿತ್ರ. ಎರಡನ್ನೂ ಒಪ್ಪುವ ಟಿ.ವಿ. ಇಲ್ಲದಿದ್ದರೆ ಬಣ್ಣ ಹೋಗಿ ಚಿತ್ರ ಉರುಳುತ್ತದೆ.

ಐದನೆಯದು, ವಿದ್ಯುತ್ತು. ಜಪಾನಿನ ಮನೆಗಳಲ್ಲಿ 100 ವೋಲ್ಟ್, ನಮ್ಮಲ್ಲಿ 230. ಟ್ರಾನ್ಸ್‌ಫಾರ್ಮರ್ ಇಲ್ಲದೆ ನೇರ ಪ್ಲಗ್ಗಿಗೆ ಹಾಕಿದರೆ ನಲವತ್ತು ವರ್ಷ ಬಾಳಿದ ಯಂತ್ರ ಒಂದು ಕ್ಷಣದಲ್ಲಿ ಸುಟ್ಟು ಹೋಗುತ್ತದೆ. ಹಳೆಯ ಯಂತ್ರದ ಮುಚ್ಚಳ ತೆಗೆಯುವವರೂ ಎಚ್ಚರದಿಂದಿರಬೇಕು. ಪ್ಲಗ್ ಕಿತ್ತ ಮೇಲೂ ಕೆಪ್ಯಾಸಿಟರಿನಲ್ಲಿ ವಿದ್ಯುತ್ತು ಉಳಿದಿರುತ್ತದೆ. ಲೇಸರ್ ಕಿರಣಕ್ಕೆ ಕಣ್ಣೊಡ್ಡುವುದಂತೂ ಕೂಡದು. ಇದು ಹುಡುಗರು ಒಬ್ಬರೇ ಮಾಡುವ ಕೆಲಸವಲ್ಲ.

ಹೀಗೆ ಐದು ಕೊಂಡಿಗಳ ಸರಪಳಿ. ನಾಲ್ಕು ಇದ್ದು ಒಂದಿಲ್ಲದಿದ್ದರೆ 'ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ' ಎಂಬ ಗಾದೆಯೇ ಗತಿ.

ಒಂದು ಒರಳು, ಎರಡು ಒನಕೆ

ಈ ಎಲ್ಲದರಲ್ಲಿ ಸೂಕ್ಷ್ಮವಾದ ಕೆಲಸವೆಂದರೆ ಎರಡು ಚಿತ್ರಗಳನ್ನು ಒಂದರ ಮೇಲೊಂದು ಕೂರಿಸುವುದು. ಹಿನ್ನೆಲೆಯ ಆಕಾಶ, ಬೆಟ್ಟ, ಸ್ಫೋಟ ಲೇಸರ್ ತಟ್ಟೆಯದು. ಮುಂದೆ ಓಡಾಡುವ ವಿಮಾನ, ಗುಂಡು, ಅಂಕಗಳು ಗಣಕ ಬಿಡಿಸಿದ್ದು. ಎರಡೂ ಒಂದೇ ತೆರೆಯಲ್ಲಿ ಕಾಣಬೇಕು.

ಹಳೆಯ ಟಿ.ವಿ.ಯಲ್ಲಿ ಚಿತ್ರ ಒಟ್ಟಿಗೆ ಮೂಡುವುದಿಲ್ಲ. ಎಲೆಕ್ಟ್ರಾನ್ ಕಿರಣ ಎಡದಿಂದ ಬಲಕ್ಕೆ ಗೆರೆ ಎಳೆಯುತ್ತಾ ಮೇಲಿಂದ ಕೆಳಕ್ಕೆ ಇಳಿಯುತ್ತದೆ. ಭತ್ತದ ಗದ್ದೆಯಲ್ಲಿ ಸಾಲು ಹಿಡಿದು ನಾಟಿ ಮಾಡಿದಂತೆ. ಲೇಸರ್ ಯಂತ್ರ ಹತ್ತನೇ ಗೆರೆಯಲ್ಲಿದ್ದಾಗ ಗಣಕ ನೂರನೇ ಗೆರೆಯಲ್ಲಿದ್ದರೆ ಎರಡೂ ಕಲಸಿ ತೆರೆಯೆಲ್ಲ ಗೋಜಲು. ಆದ್ದರಿಂದ ಲೇಸರ್ ಚಿತ್ರದ ತಾಳಕ್ಕೆ ಗಣಕದ ಗಡಿಯಾರವನ್ನು ಕಟ್ಟಿಹಾಕುವ ಮಂಡಲವೊಂದು ಬೇಕು. ಎಂಜಿನಿಯರುಗಳು ಅದನ್ನು ಜೆನ್‌ಲಾಕ್ ಎನ್ನುತ್ತಾರೆ.

ಹಿಂದೆ ನಮ್ಮ ಹಳ್ಳಿಗಳಲ್ಲಿ ಇಬ್ಬರು ಹೆಂಗಸರು ಒಂದೇ ಒರಳಿನಲ್ಲಿ ಎರಡು ಒನಕೆ ಹಾಕಿ ಭತ್ತ ಕುಟ್ಟುತ್ತಿದ್ದರು. ಒಬ್ಬರದು ಏಳುವಾಗ ಇನ್ನೊಬ್ಬರದು ಇಳಿಯಬೇಕು. ಲಯ ತಪ್ಪಿದರೆ ಒನಕೆಗೆ ಒನಕೆ ಬಡಿಯುತ್ತದೆ. ಆ ಲಯವನ್ನು ಕಾಯುತ್ತಿದ್ದದ್ದು ಅವರ ಹಾಡು. ಜೆನ್‌ಲಾಕ್ ಎಂದರೆ ಆ ಹಾಡು ಎಂದು ತಿಳಿದರೆ ಸಾಕು. ಪ್ರತಿ ಚುಕ್ಕಿಯಲ್ಲೂ 'ಈಗ ಗಣಕದ ಸರದಿಯೋ, ತಟ್ಟೆಯ ಸರದಿಯೋ' ಎಂದು ನೋಡಿ ಒಂದನ್ನು ಬಿಡುತ್ತದೆ, ಇನ್ನೊಂದನ್ನು ತಡೆಯುತ್ತದೆ.

1990ರಲ್ಲಿ ಬಂದ 'ಮ್ಯಾಡ್ ಡಾಗ್ ಮೆಕ್‌ಕ್ರೀ' ಎಂಬ ಬಂದೂಕಿನ ಆಟದ ದೊಡ್ಡ ಯಂತ್ರದೊಳಗೆ ಇದ್ದದ್ದು ಅಮಿಗಾ 500 ಎಂಬ ಸಾಮಾನ್ಯ ಮನೆಗಣಕ, ಒಂದು ಜೆನ್‌ಲಾಕ್ ಹಲಗೆ ಮತ್ತು ಸೋನಿ ಕಂಪನಿಯ ಲೇಸರ್ ಯಂತ್ರ. ಮೂರನ್ನೂ ಒಂದೇ ಹಾಡಿಗೆ ಕಟ್ಟಿದ್ದರಷ್ಟೇ.

ಪುನರ್ವಸು ಮಳೆಯ ಶತ್ರು

ಸರಪಳಿ ಪೂರ್ತಿ ಇದ್ದರೂ ಕಾಲ ಅದನ್ನು ಸುಮ್ಮನೆ ಬಿಡುವುದಿಲ್ಲ. ಲೇಸರ್‌ಡಿಸ್ಕ್ ಒಂದೇ ತಟ್ಟೆಯಂತೆ ಕಂಡರೂ ನಿಜಕ್ಕೂ ಎರಡು ತಟ್ಟೆಗಳನ್ನು ಬೆನ್ನಿಗೆ ಬೆನ್ನು ಅಂಟಿಸಿ ಮಾಡಿದ್ದು. ಹೊರಗಿನ ಪಾರದರ್ಶಕ ಭಾಗ ಅಕ್ರಿಲಿಕ್. ಈ ಪ್ಲಾಸ್ಟಿಕ್ ಗಾಳಿಯ ತೇವವನ್ನು ನಿಧಾನವಾಗಿ ಹೀರುತ್ತದೆ. ಅಂಟು ಸರಿಯಿಲ್ಲದಿದ್ದರೆ, ತೇವ ಮತ್ತು ಆಮ್ಲಜನಕ ಒಳಹೊಕ್ಕರೆ, ಕನ್ನಡಿಯಂಥ ಅಲ್ಯೂಮಿನಿಯಂ ಪದರ ಆಕ್ಸೈಡ್ ಆಗುತ್ತದೆ. ಚಿತ್ರದ ಮೇಲೆ ಮೊದಲು ಅಲ್ಲೊಂದು ಇಲ್ಲೊಂದು ಮಿಣುಕು ಚುಕ್ಕಿ. ಆಮೇಲೆ ಚುಕ್ಕಿಗಳ ಮಳೆ. ಇದಕ್ಕೆ ಸಂಗ್ರಾಹಕರು ಇಟ್ಟ ಹೆಸರು 'ಲೇಸರ್ ಕೊಳೆ'.

ಮಲೆನಾಡಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಸಕಲೇಶಪುರ, ಆಲೂರು ಕಡೆಯ ಮನೆಗಳಲ್ಲಿ ಪುನರ್ವಸು, ಪುಷ್ಯ ಮಳೆ ಹಿಡಿದಾಗ ಚಪ್ಪಲಿಗೂ ಬೂಷ್ಟು, ಬೆಲ್ಟಿಗೂ ಬೂಷ್ಟು, ಮದುವೆಯ ಫೋಟೋ ಆಲ್ಬಮ್ಮಿಗೂ ಬೂಷ್ಟು. ಕ್ಯಾಮೆರಾದ ಮಸೂರದ ಒಳಗೆ ಜೇಡರ ಬಲೆಯಂಥ ಶಿಲೀಂಧ್ರ ಹಬ್ಬುತ್ತದೆ. ಬಿತ್ತನೆ ಬೀಜವನ್ನೂ ಒಣಸಾಮಾನನ್ನೂ ಒಲೆಯ ಮೇಲಿನ ಅಟ್ಟದಲ್ಲಿಡುತ್ತಿದ್ದ ಅಜ್ಜಿಯಂದಿರಿಗೆ ತೇವದ ವಿಜ್ಞಾನ ಚೆನ್ನಾಗಿ ಗೊತ್ತಿತ್ತು. ಆದರೆ ತಟ್ಟೆಗಳಿಗೆ ಅಟ್ಟದ ಬಿಸಿಯೂ ಹೊಗೆಯೂ ಆಗದು. ಅವಕ್ಕೆ ಬೇಕಾದದ್ದು ಒಣ, ತಂಪು ಜಾಗ; ಮಲಗಿಸದೆ ಪುಸ್ತಕದಂತೆ ನಿಲ್ಲಿಸಿಡಬೇಕು, ಇಲ್ಲವಾದರೆ ಸೊಟ್ಟಗಾಗುತ್ತವೆ.

ಯಂತ್ರಕ್ಕೂ ಮುಪ್ಪು ಬರುತ್ತದೆ. ಮೊದಮೊದಲ ಲೇಸರ್‌ಡಿಸ್ಕ್ ಯಂತ್ರಗಳಲ್ಲಿ ಕಿರಣ ಹುಟ್ಟುತ್ತಿದ್ದದ್ದು ಹೀಲಿಯಂ ಮತ್ತು ನಿಯಾನ್ ಅನಿಲ ತುಂಬಿದ ಗಾಜಿನ ನಳಿಗೆಯಲ್ಲಿ. ಅದು ವರ್ಷ ಕಳೆದಂತೆ ಮಂಕಾಗುತ್ತದೆ. ಆಮೇಲಿನವುಗಳಲ್ಲಿ ಅರೆವಾಹಕ ಲೇಸರ್ ಬಂತು. ರಬ್ಬರ್ ಬೆಲ್ಟು ಗಟ್ಟಿಯಾಗಿ ಬಿರಿಯುತ್ತದೆ. ಕೆಪ್ಯಾಸಿಟರಿನ ಒಳಗಿನ ದ್ರವ ಒಣಗುತ್ತದೆ. ಬದಲಿಗೆ ಹೊಸ ಯಂತ್ರ ತರೋಣವೆಂದರೆ ಪಯೋನಿಯರ್ ಕಂಪನಿ ಲೇಸರ್‌ಡಿಸ್ಕ್ ಯಂತ್ರಗಳ ತಯಾರಿಕೆಗೆ ಮಂಗಳ ಹಾಡಿದ್ದು 2009ರಲ್ಲಿ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ತಟ್ಟೆಯಲ್ಲಿ ಚಿತ್ರ ಇದ್ದರೂ ಅದನ್ನು ಎತ್ತಿ ಕೊಡುವವರಿಲ್ಲ.

ಹತ್ತು ಲಕ್ಷ ಜನರ ಪುಸ್ತಕ

ಆಟ ಹೋದರೆ ಹೋಯಿತು, ಮಕ್ಕಳು ಓದಿಕೊಳ್ಳಲಿ ಎಂದು ತಂದೆತಾಯಿಯರಿಗೆ ಅನ್ನಿಸಬಹುದು. ಆದರೆ ಇದೇ ಸರಪಳಿಗೆ ಇಡೀ ದೇಶವೊಂದು ತನ್ನ ನೆನಪನ್ನು ಕಟ್ಟಿತ್ತು.

ಇಂಗ್ಲೆಂಡಿನಲ್ಲಿ 1086ರಲ್ಲಿ ರಾಜಾಜ್ಞೆಯಂತೆ ಊರೂರಿನ ಭೂಮಿ, ದನಕರು, ಗಿರಣಿಗಳ ಲೆಕ್ಕ ಬರೆದ 'ಡೂಮ್ಸ್‌ಡೇ' ಪುಸ್ತಕ ಇದೆ. ಅದಕ್ಕೆ 900 ವರ್ಷ ತುಂಬಿದ ನೆನಪಿಗೆ 1986ರಲ್ಲಿ ಬಿಬಿಸಿ ಹೊಸ ಡೂಮ್ಸ್‌ಡೇ ಸಿದ್ಧಪಡಿಸಿತು. ದೇಶವನ್ನು 4 ಕಿ.ಮೀ. ಉದ್ದ, 3 ಕಿ.ಮೀ. ಅಗಲದ ತುಂಡುಗಳಾಗಿ ಹಂಚಿದರು. ಸುಮಾರು 9,000 ಶಾಲೆಗಳ ಮಕ್ಕಳು ತಮ್ಮ ಊರಿನ ಅಂಗಡಿ, ಆಟ, ಊಟ, ಕೆಲಸಗಳ ಬಗ್ಗೆ ಬರೆದರು, ಫೋಟೋ ತೆಗೆದರು. ಒಟ್ಟು ಹತ್ತು ಲಕ್ಷಕ್ಕೂ ಹೆಚ್ಚು ಜನ ಕೈಜೋಡಿಸಿದರು. ಎಲ್ಲವನ್ನೂ ಎರಡು ಲೇಸರ್ ತಟ್ಟೆಗಳಲ್ಲಿ ತುಂಬಿದರು. ಓದಲು ಬೇಕಾದದ್ದು ಬಿಬಿಸಿ ಮಾಸ್ಟರ್ ಎಂಬ ಗಣಕ, ಅದಕ್ಕೊಂದು ವಿಶೇಷ ಜೋಡಣೆ, ಫಿಲಿಪ್ಸ್ ಕಂಪನಿಯ ವಿಪಿ-415 ಎಂಬ ಯಂತ್ರ. ಬೆಲೆ ಹಲವು ಸಾವಿರ ಪೌಂಡ್. ಬರೆದುಕೊಟ್ಟ ಶಾಲೆಗಳಲ್ಲಿ ಎಷ್ಟೋ ಶಾಲೆಗಳಿಗೆ ಅದನ್ನು ಕೊಳ್ಳಲಾಗಲಿಲ್ಲ.

ಅದೇ ಯಂತ್ರದಲ್ಲಿ ಓಡುತ್ತಿದ್ದ, 1987ರಲ್ಲಿ ಬಂದ 'ಇಕೋಡಿಸ್ಕ್' ಎಂಬ ತಟ್ಟೆ ಆಟವೂ ಹೌದು, ಪಾಠವೂ ಹೌದು. ಡೆವನ್ ಸೀಮೆಯ ಒಂದು ಸರೋವರದ ಕಾಯ್ದಿಟ್ಟ ಪ್ರದೇಶಕ್ಕೆ ವಿದ್ಯಾರ್ಥಿಯೇ ಅಧಿಕಾರಿ. ಅವನು ತೆಗೆದುಕೊಂಡ ನಿರ್ಧಾರದಿಂದ ಅಲ್ಲಿನ ಜೀವಜಾಲಕ್ಕೆ ಏನಾಗುತ್ತದೆಂದು ಗಣಕ ತೋರಿಸುತ್ತಿತ್ತು.

ಈ ಕತೆಗೆ ಭಾರತದ ನಂಟೂ ಇದೆ. ಬಿಬಿಸಿ ಮಾಸ್ಟರ್‌ನ ಅಣ್ಣ ಬಿಬಿಸಿ ಮೈಕ್ರೋ. 1984-85ರಲ್ಲಿ ಕೇಂದ್ರ ಸರ್ಕಾರ 'ಕ್ಲಾಸ್' ಯೋಜನೆಯಡಿ ದೇಶದ 250 ಶಾಲೆಗಳಲ್ಲಿ ಗಣಕ ಶಿಕ್ಷಣ ಆರಂಭಿಸಿದಾಗ ಆರಿಸಿಕೊಂಡದ್ದು ಇದೇ ಬಿಬಿಸಿ ಮೈಕ್ರೋವನ್ನು. 32 ಕಿಲೋಬೈಟ್ ನೆನಪಿನ ಶಕ್ತಿಯ ಆ ಪೆಟ್ಟಿಗೆಯ ಮುಂದೆ ನಮ್ಮ ಒಂದು ತಲೆಮಾರಿನ ವಿದ್ಯಾರ್ಥಿಗಳು ಮೊದಲ ಬಾರಿಗೆ ಕೀಲಿಮಣೆ ಮುಟ್ಟಿದರು. ಲೇಸರ್ ಯಂತ್ರ ಮಾತ್ರ ಜೊತೆಗೆ ಬರಲಿಲ್ಲ.

ಹದಿನೈದು ವರ್ಷ ಕಳೆಯುವುದರೊಳಗೆ ಬ್ರಿಟನ್ನಿನಲ್ಲಿ ಗಾಬರಿ ಹುಟ್ಟಿತು. ಚರ್ಮದ ಹಾಳೆಯ ಮೇಲೆ ಶಾಯಿಯಲ್ಲಿ ಬರೆದ 1086ರ ಪುಸ್ತಕವನ್ನು ಇವತ್ತೂ ಓದಬಹುದು. 1986ರ ತಟ್ಟೆಯನ್ನು ಓದಲು ಕೆಲಸ ಮಾಡುವ ಯಂತ್ರಗಳೇ ಸಿಗುತ್ತಿಲ್ಲ!

ಗೇಜು ಬದಲಿಸಿದವರು

ಪರಿಹಾರ ಎರಡು ದಿಕ್ಕಿನಿಂದ ಬಂತು. ಒಂದು, ಹಳೆಯ ಗಣಕದಂತೆ ನಟಿಸುವ ತಂತ್ರಾಂಶವನ್ನು ಹೊಸ ಗಣಕದಲ್ಲಿ ಬರೆಯುವುದು. 2002ರಲ್ಲಿ ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳ 'ಕ್ಯಾಮಿಲಿಯಾನ್' ತಂಡ ಡೂಮ್ಸ್‌ಡೇ ತಟ್ಟೆಯನ್ನು ಹೀಗೆ ಓಡಿಸಿ ತೋರಿಸಿತು. ಪಿಎಕ್ಸ್-7 ಗಣಕ ಮತ್ತು ಅದರ ಲೇಸರ್ ಯಂತ್ರ ಎರಡನ್ನೂ ಅನುಕರಿಸುವ 'ಓಪನ್‌ಎಂಎಸ್‌ಎಕ್ಸ್' ಎಂಬ ತಂತ್ರಾಂಶವನ್ನು ಹವ್ಯಾಸಿಗಳು ಬರೆದು ಉಚಿತವಾಗಿ ಕೊಟ್ಟಿದ್ದಾರೆ. 'ಡ್ರ್ಯಾಗನ್ಸ್ ಲೇರ್'ನಂಥ ಅಂಗಡಿ ಆಟಗಳಿಗೆ ಮ್ಯಾಟ್ ಓನ್‌ಬಿ ಎಂಬವರು ಬರೆದ 'ಡ್ಯಾಫ್ನಿ' ಇದೆ.

ಇನ್ನೊಂದು, ತಟ್ಟೆಯ ಅಲೆಯನ್ನೇ ಎತ್ತಿಕೊಳ್ಳುವುದು. ಸೈಮನ್ ಇನ್ಸ್ ಎಂಬ ಎಂಜಿನಿಯರ್ ರೂಪಿಸಿದ 'ಡೂಮ್ಸ್‌ಡೇ ಡೂಪ್ಲಿಕೇಟರ್' ಎಂಬ ಹಲಗೆಯನ್ನು ಲೇಸರ್ ಯಂತ್ರದ ಒಳಗಿನ ತಂತಿಗೆ ಜೋಡಿಸುತ್ತಾರೆ. ಯಂತ್ರ ಅದನ್ನು ಚಿತ್ರವಾಗಿ ಬದಲಿಸುವ ಮೊದಲೇ, ಕುಳಿಗಳಿಂದ ಬಂದ ಅಲೆಯನ್ನು ಈ ಹಲಗೆ ಸೆಕೆಂಡಿಗೆ 4 ಕೋಟಿ ಸಲ ಅಳೆದು ಸಂಖ್ಯೆಯಾಗಿ ಬರೆದಿಡುತ್ತದೆ. ಅದರಿಂದ ಚಿತ್ರ, ಧ್ವನಿ, ಪುಟಸಂಖ್ಯೆ, ತಂತ್ರಾಂಶ ಎಲ್ಲವನ್ನೂ ಆಮೇಲೆ ನಿಧಾನವಾಗಿ ಬಿಡಿಸಿಕೊಳ್ಳಬಹುದು. ಒಂದೇ ಆಟದ ಹಲವು ತಟ್ಟೆಗಳನ್ನು ಹೀಗೆ ಎತ್ತಿಕೊಂಡರೆ ಒಂದರಲ್ಲಿ ಕೊಳೆತ ಭಾಗವನ್ನು ಇನ್ನೊಂದರಿಂದ ತುಂಬಬಹುದು.

ಎರಡು ದಾರಿಗೂ ಒಂದು ಷರತ್ತಿದೆ. ಕನಿಷ್ಠ ಒಂದು ಹಳೆಯ ಯಂತ್ರ ಉಸಿರಾಡುತ್ತಿರಬೇಕು. ಅದು ಹೇಗೆ ಕೆಲಸ ಮಾಡುತ್ತದೆಂದು ಯಾರಾದರೂ ಬರೆದಿಟ್ಟಿರಬೇಕು. ಯಂತ್ರ ಕೆಡುವುದಕ್ಕಿಂತ ಅದರ ವಿವರಣೆಯ ಪುಸ್ತಕ ಕಳೆದುಹೋಗುವುದೇ ದೊಡ್ಡ ನಷ್ಟವೆಂದು ಈ ಕೆಲಸದಲ್ಲಿ ತೊಡಗಿದವರಿಗೆ ಗೊತ್ತು.

ನಮ್ಮ ಮನೆಯ ಬೀರು

ಇದು ದೂರದ ದೇಶದ ಸುದ್ದಿ ಎಂದು ಪುಟ ಮಗುಚುವ ಮೊದಲು ಮನೆಯ ಹಳೆಯ ಗಣಕದ ಒಂದು ಕನ್ನಡ ಕಡತ ತೆರೆದು ನೋಡಿ. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ, ಶ್ರೀಲಿಪಿ ಎಂದು ಒಂದೊಂದು ತಂತ್ರಾಂಶ ಕನ್ನಡ ಅಕ್ಷರಗಳಿಗೆ ತನ್ನದೇ ಸಂಕೇತ ಬಳಸುತ್ತಿತ್ತು. ಅಂದು ಕಷ್ಟಪಟ್ಟು ಬೆರಳಚ್ಚಿಸಿದ ಕತೆ, ವಂಶವೃಕ್ಷ, ಶಾಲೆಯ ವಾರ್ಷಿಕ ಸಂಚಿಕೆ ಇಂದು ತೆರೆದರೆ ಇಂಗ್ಲಿಷ್ ಅಕ್ಷರಗಳ ಕಿಚಡಿಯಾಗಿ ಕಾಣಬಹುದು. ಅಕ್ಷರ ಅಳಿದಿಲ್ಲ, ಗೇಜು ಬದಲಾಗಿದೆ. ಪರಿವರ್ತಕ ತಂತ್ರಾಂಶಗಳು ಇರುವಾಗಲೇ ಅವನ್ನು ಯೂನಿಕೋಡಿಗೆ ತಂದುಕೊಳ್ಳುವುದು ಜಾಣತನ. ಮದುವೆಯ ವಿಡಿಯೋ ಕ್ಯಾಸೆಟ್ಟು, ಅಜ್ಜಿಯ ಸೋಬಾನೆ ತುಂಬಿದ ಟೇಪು, ಫ್ಲಾಪಿ, ಸಿ.ಡಿ. ಎಲ್ಲಕ್ಕೂ ಇದೇ ಮಾತು.

ಹೇಮಾವತಿಗೆ ಗೊರೂರಿನಲ್ಲಿ ಅಣೆಕಟ್ಟು ಕಟ್ಟಿದಾಗ ಹಿನ್ನೀರಿನಲ್ಲಿ ಹಳ್ಳಿಗಳೇ ಮುಳುಗಿದವು. ಶೆಟ್ಟಿಹಳ್ಳಿಯ ಹಳೆಯ ಚರ್ಚು ಇಂದಿಗೂ ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ಮೇಲೆ ಕಾಣುತ್ತದೆ. ಆ ಊರುಗಳ ಅಂಗಳ, ಜಾತ್ರೆ, ಕಣ ಹೇಗಿದ್ದವೆಂದು ಹೇಳಬಲ್ಲವರು ಈಗ ಅಜ್ಜ ಅಜ್ಜಿಯರು. ಬ್ರಿಟನ್ನಿನ ಮಕ್ಕಳು ತಮ್ಮ ಊರಿನ ಕತೆ ಬರೆದಂತೆ ಆಲೂರು, ಸಕಲೇಶಪುರದ ಶಾಲೆಗಳ ಮಕ್ಕಳೂ ಒಂದು ರಜೆಯಲ್ಲಿ ಕೇಳಿ ಬರೆಯಬಹುದು.

ಬರೆದದ್ದನ್ನು ಒಂದೇ ಕಡೆ ಇಡಬಾರದು. ಒಂದು ಪ್ರತಿ ಗಣಕದಲ್ಲಿ, ಒಂದು ಬೇರೆ ಊರಿನ ನೆಂಟರ ಬಳಿ, ಒಂದು ಕಾಗದದಲ್ಲಿ. ಐದು ವರ್ಷಕ್ಕೊಮ್ಮೆ ತೆರೆದು ನೋಡಿ, ಓದಲು ಬಂದರೆ ಹೊಸ ಸಾಧನಕ್ಕೆ ನಕಲು ಮಾಡಬೇಕು. ಭತ್ತದ ಬೀಜವನ್ನು ಪೆಟ್ಟಿಗೆಯಲ್ಲಿಟ್ಟು ಮರೆತರೆ ಅದು ಮೊಳೆಯುವುದಿಲ್ಲ. ವರ್ಷ ವರ್ಷ ಬಿತ್ತಿ ಬೆಳೆದರೆ ಮಾತ್ರ ತಳಿ ಉಳಿಯುತ್ತದೆ. ನೆನಪೂ ಹಾಗೆಯೇ.

ಹನ್ನೊಂದು ವರ್ಷ ಪ್ರಯಾಣಿಕರ ಗಾಡಿ ಕಾಣದ ಘಾಟಿಯಲ್ಲಿ ಈಗ ರೈಲು ಓಡುತ್ತಿದೆ. ಬೆಟ್ಟ ಅದೇ, ಸುರಂಗ ಅದೇ. ಹಳಿಯನ್ನು ಕಿತ್ತು ಮತ್ತೆ ಹಾಸಲು ಯಾರೋ ಬೆವರು ಸುರಿಸಿದ್ದರಿಂದ ದಾರಿ ಉಳಿಯಿತು. ಬೀರುವಿನಲ್ಲಿ ಬೂಷ್ಟು ಹಿಡಿಯುತ್ತಿರುವ ತಟ್ಟೆ, ಟೇಪುಗಳು ಕಾಯುತ್ತಿರುವುದೂ ಅಂಥ ಕೈಗಳಿಗೇ.